ಕೈ ಮೇಲಿನ ಹದಿನಾರು ಗುಂಡಿ: ಕ್ಯಾಲ್ಕುಲೇಟರ್ ವಾಚ್ ಇನ್ನೂ ಯಾಕೆ ಬಿಡಲಾಗುತ್ತಿಲ್ಲ?

ಎಂಟಂಕಿ

ನಮಸ್ಕಾರ ಎಲ್ಲರಿಗೂ. ಎರಡು ವಿಷಯ ಒಟ್ಟಿಗೆ ಕೇಳುತ್ತಿದ್ದೇನೆ. ಒಂದು ರಿಪೇರಿಯದ್ದು, ಇನ್ನೊಂದು ಮನಸ್ಸಿನದ್ದು.

ನನ್ನ ಹತ್ತಿರ ಸೋದರಮಾವ ಕೊಟ್ಟ ಕ್ಯಾಲ್ಕುಲೇಟರ್ ವಾಚ್ ಇದೆ. ಮೂವತ್ತು ವರ್ಷ ದಾಟಿದೆ. ಕಪ್ಪು ಪ್ಲಾಸ್ಟಿಕ್ ಕೇಸ್, ಮೇಲೆ ಚಿಕ್ಕ ಪರದೆ, ಕೆಳಗೆ ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು ಗುಂಡಿ. ಹೋದ ವಾರದಿಂದ ಬಲತುದಿಯ ಅಂಕಿಯಲ್ಲಿ ಬಲಗಡೆಯ ಎರಡು ಗೆರೆ ಮೂಡುತ್ತಿಲ್ಲ. ಹಾಗಾಗಿ 8 ಬಂದರೆ ಇಂಗ್ಲಿಷಿನ ‘ಇ’ ಅಕ್ಷರದ ಹಾಗೆ ಕಾಣುತ್ತದೆ. 6 ಬಂದರೂ ಅದೇ ‘ಇ’. 3 ಬಂದರೆ ಮೂರು ಅಡ್ಡಗೆರೆ. 1 ಬಂದರೆ ಏನೂ ಇಲ್ಲ, ಖಾಲಿ ಜಾಗ.

ಲೆಕ್ಕ ಮಾತ್ರ ಸರಿಯಾಗಿದೆ. 12ಕ್ಕೆ 6 ಕೂಡಿಸಿದೆ. 1 ಬಂತು, ಪಕ್ಕದಲ್ಲಿ ‘ಇ’. ಅದನ್ನು 10ರಿಂದ ಗುಣಿಸಿದೆ. ಆ ‘ಇ’ ಒಂದು ಮನೆ ಎಡಕ್ಕೆ ಸರಿದು ಪೂರ್ತಿ 8 ಆಗಿ ನಿಂತಿತು. ಅಂದರೆ ಒಳಗೆ ಅದಕ್ಕೆ ಎಲ್ಲ ಗೊತ್ತಿದೆ, ಹೇಳಲು ಆಗುತ್ತಿಲ್ಲ ಅಷ್ಟೇ. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟ ಆಯಿತು.

ಎರಡನೇ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು. ಇಷ್ಟು ಚಿಕ್ಕ ವಸ್ತುವಿನ ಮೇಲೆ ಇಷ್ಟು ಪ್ರೀತಿ ಯಾಕೆ? ಮಾವನ ನೆನಪು ಒಂದು ಕಾರಣ, ಸರಿ. ಆದರೆ ಮಾವ ಕೊಟ್ಟ ಬೇರೆ ಎಷ್ಟೋ ವಸ್ತು ಎಲ್ಲಿವೆ ಅಂತಲೂ ನನಗೆ ಗೊತ್ತಿಲ್ಲ. ಇದೊಂದು ಕೈಯಿಂದ ಇಳಿದಿಲ್ಲ. ನಿಮ್ಮಲ್ಲಿ ಇಂಥ ವಾಚ್ ಕಟ್ಟುವವರು ಯಾಕೆ ಕಟ್ಟುತ್ತೀರಿ, ಸ್ವಲ್ಪ ಹೇಳಿ.

ಸಣ್ಣ ಸ್ಕ್ರೂ

ಮೊದಲು ರಿಪೇರಿ. ಎಸೆಯಬೇಡಿ, ಯಾರ ಕೈಗೂ ಕೊಡಬೇಡಿ. ಪರದೆಯ ಗಾಜಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಮೇಲಂಚು ಒಮ್ಮೆ, ಕೆಳಂಚು ಒಮ್ಮೆ. ಹೋದ ಗೆರೆಗಳು ಒಂದು ಕ್ಷಣಕ್ಕಾದರೂ ಬರುತ್ತವಾ? ಅದನ್ನು ಹೇಳಿ, ಮುಂದಿನದು ಆಮೇಲೆ ಮಾತಾಡೋಣ.

ನೇರಮಾತು

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಒಂದು ವರ್ಷ ಕಟ್ಟಿದ್ದೆ. ಗುಂಡಿ ಚಿಕ್ಕದು, 5 ಒತ್ತಲು ಹೋದರೆ 2 ಒತ್ತಿಹೋಗುತ್ತದೆ. ನನ್ನ ಮಾಡೆಲ್‌ನಲ್ಲಿ ಲೈಟ್ ಇರಲಿಲ್ಲ, ಕತ್ತಲಲ್ಲಿ ಗಂಟೆಯೂ ಕಾಣುತ್ತಿರಲಿಲ್ಲ. ಇನ್ನು ಲೆಕ್ಕ: 2 + 3 × 4 ಒತ್ತಿದರೆ 20 ಅನ್ನುತ್ತದೆ. 14 ಅಲ್ವಾ ಬರಬೇಕಾದ್ದು? ಜೇಬಿನಲ್ಲಿ ಫೋನ್ ಇರುವಾಗ ಇದು ಯಾಕೆ ಬೇಕು? ಚಂದ ಇದೆ ಅಂತ ಕಟ್ಟಿ, ಒಪ್ಪುತ್ತೇನೆ. ಕೆಲಸಕ್ಕೆ ಬರುತ್ತದೆ ಅಂದರೆ ಒಪ್ಪುವುದು ಕಷ್ಟ.

ಉಳಿ ಬಾಚಿ

ನೇರಮಾತು ಅವರೇ, ನಾನು ಕೆಲಸಕ್ಕಾಗಿಯೇ ಕಟ್ಟುವವನು. ಮರಗೆಲಸ ನನ್ನದು. ಎರಡೂ ಕೈಗೆ ಅಂಟು, ಮೈಯೆಲ್ಲ ಹೊಟ್ಟು. ಆ ಕೈಯಲ್ಲಿ ಫೋನ್ ತೆಗೆದರೆ ಬೆರಳನ್ನೇ ಗುರುತಿಸುವುದಿಲ್ಲ. ಲಾಕ್ ತೆಗೆಯಲು ಮೂರು ಸಲ ಒರೆಸಬೇಕು. ಅಷ್ಟರಲ್ಲಿ ಮನಸ್ಸಿನಲ್ಲಿದ್ದ ಅಳತೆ ಮರೆತುಹೋಗಿರುತ್ತದೆ.

ಮೊನ್ನೆಯದೇ ಹೇಳುತ್ತೇನೆ. ಹಲಗೆಯ ಉದ್ದ 2440 ಮಿಲಿಮೀಟರ್. ಬೇಕಾದದ್ದು 340ರ ತುಂಡುಗಳು. ಗರಗಸದ ಬ್ಲೇಡ್ ಪ್ರತಿ ಸಲ 3 ಮಿಲಿಮೀಟರ್ ತಿನ್ನುತ್ತದೆ, ಹಾಗಾಗಿ ಒಂದೊಂದಕ್ಕೆ 343. ವಾಚಿನಲ್ಲಿ 343 ಒತ್ತಿ, ಗುಣಿಸುವ ಗುಂಡಿಯನ್ನು ಎರಡು ಸಲ ಒತ್ತಿದೆ. ಪರದೆಯಲ್ಲಿ ಇಂಗ್ಲಿಷಿನ ಚಿಕ್ಕ ‘ಕೆ’ ಮೂಡುತ್ತದೆ. 343 ಅಲ್ಲೇ ಕೂತಿದೆ ಅಂತ ಅರ್ಥ. ಆಮೇಲೆ 2, ಸಮ ಚಿಹ್ನೆ: 686. ಗುರುತು ಹಾಕಿದೆ. 3, ಸಮ: 1029. ಗುರುತು. ಹೀಗೇ ಹೋಗಿ 7ಕ್ಕೆ 2401. ಏಳು ತುಂಡು ಬಂತು, 39 ಮಿಲಿಮೀಟರ್ ಉಳಿಯಿತು. ಎಡಗೈ ಹಲಗೆಯ ಮೇಲೇ ಇತ್ತು, ಬಲಗೈಯ ಪೆನ್ಸಿಲ್ ಕೆಳಗಿಡಲಿಲ್ಲ. ಪೆನ್ಸಿಲಿನ ಹಿಂಬದಿಯಿಂದಲೇ ಗುಂಡಿ ಒತ್ತಿದ್ದು. ಹಾಗೆ ಒತ್ತಿದರೆ 5ರ ಬದಲು 2 ಒತ್ತಿಹೋಗುವುದಿಲ್ಲ.

ಪ್ರತಿ ಸಲ ಹಿಂದಿನ ಗುರುತಿನಿಂದ 343 ಅಳೆಯುತ್ತಾ ಹೋದರೆ ಚೂರು ಚೂರು ತಪ್ಪು ಕೂಡಿ ಕೊನೆಯ ತುಂಡು ಕೆಡುತ್ತದೆ. ಮೊದಲ ತುದಿಯಿಂದಲೇ ಎಲ್ಲ ಅಳತೆ ಹಿಡಿಯಬೇಕು. ಅದಕ್ಕೆ ಈ ‘ಕೆ’ ಹೇಳಿ ಮಾಡಿಸಿದ ಹಾಗಿದೆ.

2 + 3 × 4 ವಿಷಯ: ಅದು ತಪ್ಪು ಮಾಡುತ್ತಿಲ್ಲ. ನೀವು ಒತ್ತಿದ ಕ್ರಮದಲ್ಲೇ ಒಂದೊಂದಾಗಿ ಮಾಡಿ ಮುಗಿಸುತ್ತದೆ. 3 × 4 ಮೊದಲು ಒತ್ತಿ, ಆಮೇಲೆ 2 ಕೂಡಿಸಿ. 14 ಬರುತ್ತದೆ. ನನಗೆ ಈ ಸ್ವಭಾವವೇ ಇಷ್ಟ. ಯಾವ ಹೆಜ್ಜೆ ಮೊದಲು ಅಂತ ನಾನೇ ಯೋಚಿಸುತ್ತೇನೆ.

ಎಂಟಂಕಿ

@ಸಣ್ಣ ಸ್ಕ್ರೂ: ಒತ್ತಿದೆ. ಕೆಳಂಚು ಒತ್ತಿದಾಗ ಎರಡೂ ಗೆರೆ ಬಂದವು! ಬೆರಳು ತೆಗೆದ ಕೂಡಲೇ ಹೋದವು. ನಾಲ್ಕೈದು ಸಲ ಮಾಡಿ ನೋಡಿದೆ, ಪ್ರತಿ ಸಲವೂ ಹಾಗೇ.

@ಉಳಿ ಬಾಚಿ: ಮೂವತ್ತು ವರ್ಷದಿಂದ ಕಟ್ಟುತ್ತಿದ್ದೇನೆ, ಈ ‘ಕೆ’ ವಿಷಯ ಗೊತ್ತೇ ಇರಲಿಲ್ಲ ಅಣ್ಣಾ. ಈಗ ಒತ್ತಿ ನೋಡಿದೆ. ನನ್ನದರಲ್ಲೂ ಇದೆ.

ಸಣ್ಣ ಸ್ಕ್ರೂ

ಹಾಗಾದರೆ ನೆಮ್ಮದಿಯಾಗಿರಿ. ಚಿಪ್ ಚೆನ್ನಾಗಿದೆ, ಗಾಜೂ ಚೆನ್ನಾಗಿದೆ. ಇವೆರಡರ ನಡುವಿನ ಸಂಪರ್ಕ ಸಡಿಲ ಆಗಿದೆ.

ಒಳಗೆ ಏನಿದೆ ಅಂತ ಹೇಳುತ್ತೇನೆ. ಪರದೆಗೂ ಸರ್ಕ್ಯೂಟ್ ಬೋರ್ಡಿಗೂ ನಡುವೆ ತಂತಿ ಇಲ್ಲ, ಬೆಸುಗೆಯೂ ಇಲ್ಲ. ಬೆಂಕಿಕಡ್ಡಿಗಿಂತ ತೆಳುವಾದ ಒಂದು ರಬ್ಬರ್ ಪಟ್ಟಿ ಇದೆ. ಅದಕ್ಕೆ ಜೀಬ್ರಾ ಪಟ್ಟಿ ಅಂತಲೇ ಹೆಸರು. ಕರೆಂಟ್ ಹರಿಯುವ ಪದರ, ಹರಿಯದ ಪದರ, ಮತ್ತೆ ಹರಿಯುವ ಪದರ, ಹೀಗೆ ಪಟ್ಟೆ ಪಟ್ಟೆಯಾಗಿರುತ್ತದೆ. ಬೋರ್ಡಿನ ಒಂದೊಂದು ಗೆರೆಯ ಸಿಗ್ನಲ್ ಅದರ ಮೂಲಕ ನೇರ ಮೇಲೆ ಹೋಗಿ ಗಾಜಿನ ಗೆರೆಯನ್ನು ಮುಟ್ಟುತ್ತದೆ. ಇಡೀ ಜೋಡಣೆ ನಿಂತಿರುವುದು ಒತ್ತಡದ ಮೇಲೆ. ವರ್ಷಗಳಾದಂತೆ ರಬ್ಬರ್ ಸ್ವಲ್ಪ ಕುಗ್ಗುತ್ತದೆ, ಒಂದು ಕಡೆ ಧೂಳು ಕೂರುತ್ತದೆ, ಅಲ್ಲಿ ಸಂಪರ್ಕ ತಪ್ಪುತ್ತದೆ.

ಎರಡು ಗೆರೆ ಒಟ್ಟಿಗೆ ಹೋದದ್ದಕ್ಕೂ ಕಾರಣ ಇದೆ. ಎಂಟು ಅಂಕಿ, ಒಂದೊಂದಕ್ಕೆ ಏಳು ಗೆರೆ, ಅಲ್ಲಿಗೇ 56 ಆಯಿತು. ಅಷ್ಟಕ್ಕೂ ಬೇರೆ ಬೇರೆ ದಾರಿ ಹಾಕಲು ಜಾಗ ಎಲ್ಲಿದೆ? ಹಾಗಾಗಿ ಒಂದೇ ದಾರಿಯನ್ನು ಎರಡು ಮೂರು ಗೆರೆಗಳು ಸರದಿಯಲ್ಲಿ ಬಳಸುತ್ತವೆ. ದಾರಿ ಕಡಿದರೆ ಆ ಗೆರೆಗಳೆಲ್ಲ ಒಟ್ಟಿಗೆ ಹೋಗುತ್ತವೆ.

ಮಾಡಬೇಕಾದ್ದು: ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ. ಸರಿಯಾದ ಅಳತೆಯ ಸ್ಕ್ರೂಡ್ರೈವರೇ ಬೇಕು, ಇಲ್ಲದಿದ್ದರೆ ತಲೆ ಸವೆದುಹೋಗುತ್ತದೆ. ಮುಚ್ಚಳ ತೆಗೆಯುವಾಗ ಒಂದು ಸಣ್ಣ ಸ್ಪ್ರಿಂಗ್ ಹಾರಬಹುದು. ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಕೆಲಸ ಮಾಡಿ. ಮಾಡ್ಯೂಲ್ ಅಂದರೆ ಪರದೆ, ಬೋರ್ಡು ಸೇರಿದ ಒಳಗಿನ ಭಾಗವನ್ನು ಹೊರತೆಗೆದು, ಜೀಬ್ರಾ ಪಟ್ಟಿಯ ಅಂಚುಗಳನ್ನೂ ಬೋರ್ಡಿನ ಸಂಪರ್ಕದ ಗೆರೆಗಳನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಒರೆಸಿ. ಆ ದ್ರವ ಪರದೆಯ ಮೇಲೆ ಅಂಟಿಸಿರುವ ಪೋಲರೈಸರ್ ಹಾಳೆಗೆ ತಾಗಬಾರದು, ಕಲೆ ಬೀಳುತ್ತದೆ. ಪಟ್ಟಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪೂರ್ತಿ ಒಣಗಿದ ಮೇಲೆ ಜೋಡಿಸಿ. ಅವಸರ ಬೇಡ.

ಕೆಂಪು ಅಂಕಿ

ಒಳ್ಳೆ ಚರ್ಚೆ. ನನಗೆ ಈ ವಾಚುಗಳ ಮೊದಲ ಪೀಳಿಗೆಯ ಹುಚ್ಚು, ಎಲ್‌ಇಡಿ ಕಾಲದ್ದು. 1972ರಲ್ಲಿ ಹ್ಯಾಮಿಲ್ಟನ್ ಕಂಪನಿಯ ಪಲ್ಸರ್ ಬಂತು. ಕಪ್ಪು ಗಾಜು, ಗುಂಡಿ ಒತ್ತಿದಾಗ ಮಾತ್ರ ಕೆಂಪು ಅಂಕಿ ಹೊತ್ತಿಕೊಳ್ಳುತ್ತಿತ್ತು. ಯಾವಾಗಲೂ ಉರಿಯಲು ಬಿಟ್ಟರೆ ಬ್ಯಾಟರಿ ನಿಲ್ಲುತ್ತಿರಲಿಲ್ಲ. 1975ರ ಕೊನೆಗೆ ಅದೇ ಪಲ್ಸರ್ ಹೆಸರಿನಲ್ಲಿ ಚಿನ್ನದ ಕ್ಯಾಲ್ಕುಲೇಟರ್ ವಾಚ್ ಬಂತು, ಮರುವರ್ಷ ಸ್ಟೀಲಿನದು. ಗುಂಡಿಗಳು ಎಷ್ಟು ಚಿಕ್ಕದಿದ್ದವು ಅಂದರೆ ಬೆರಳಿನಿಂದ ಆಗದು, ಪೆನ್ನಿನ ತುದಿ ಬೇಕು.

ಆದರೆ ನನ್ನ ಮನಸ್ಸು ಕದ್ದದ್ದು 1977ರ ಹ್ಯೂಲೆಟ್ ಪ್ಯಾಕರ್ಡ್ ಎಚ್‌ಪಿ-01. ಇಪ್ಪತ್ತೆಂಟು ಗುಂಡಿ. ಒತ್ತುವ ಕಡ್ಡಿಯನ್ನು ಪಟ್ಟಿಯ ಕೊಂಡಿಯಲ್ಲೇ ಅಡಗಿಸಿಟ್ಟಿದ್ದರು. ಅದರಲ್ಲಿ ಸಮಯವೂ ಒಂದು ಸಂಖ್ಯೆ. ಸ್ಟಾಪ್‌ವಾಚ್ ಓಡುತ್ತಿರುವಾಗಲೇ ಅದನ್ನು ಒಂದು ದರದಿಂದ ಗುಣಿಸಬಹುದು. ಉತ್ತರ ಸೆಕೆಂಡಿಗೊಮ್ಮೆ ಬದಲಾಗುತ್ತಾ ಹೋಗುತ್ತದೆ. ಫೋನಿನಲ್ಲಿ ಮಾತಾಡುತ್ತಾ ಕರೆಯ ಖರ್ಚು ಏರುವುದನ್ನು ಮಣಿಕಟ್ಟಿನಲ್ಲೇ ನೋಡಬಹುದಿತ್ತು! ವಾಚು ಮತ್ತು ಕ್ಯಾಲ್ಕುಲೇಟರನ್ನು ಒಂದು ಪೆಟ್ಟಿಗೆಗೆ ತುಂಬುವುದು ಬೇರೆ, ಎರಡನ್ನೂ ಹೀಗೆ ಬೆಸೆಯುವುದು ಬೇರೆ. ಆಮೇಲೆ ಬಂದ ಹೆಚ್ಚಿನ ವಾಚುಗಳಲ್ಲಿ ಗಂಟೆ ತನ್ನ ಪಾಡಿಗೆ, ಲೆಕ್ಕ ತನ್ನ ಪಾಡಿಗೆ.

ಸಂಜೆ ಓದು

ಕ್ಯಾಸಿಯೋ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅವರು ಮೂಲತಃ ಲೆಕ್ಕದ ಯಂತ್ರದವರು. 1957ರಲ್ಲಿ 14-ಎ ಅನ್ನುವ ರಿಲೇ (ಕರೆಂಟಿನಿಂದ ತೆರೆದು ಮುಚ್ಚುವ ಸ್ವಿಚ್ಚು) ಕ್ಯಾಲ್ಕುಲೇಟರ್ ಮಾಡಿದರು, ಒಂದು ಮೇಜಿನಷ್ಟು ದೊಡ್ಡದು. 1972ರಲ್ಲಿ ಅಂಗೈಗೆ ಕೂರುವ ಕ್ಯಾಸಿಯೋ ಮಿನಿ. 1974ರಲ್ಲಿ ಮೊದಲ ವಾಚು, ಕ್ಯಾಸಿಯೋಟ್ರಾನ್. 1980ರಲ್ಲಿ ಎರಡೂ ಸೇರಿ ಸಿ-80. ಇದನ್ನು ಒತ್ತಲು ಕಡ್ಡಿ ಬೇಕಿರಲಿಲ್ಲ, ಬೆರಳು ಸಾಕಿತ್ತು. ಕೇಸ್ ಪ್ಲಾಸ್ಟಿಕ್, ಪರದೆ ಎಲ್‌ಸಿಡಿ. ಚಿನ್ನದ ಕೇಸಿನಲ್ಲಿ ಶುರುವಾದ ವಸ್ತು ಶಾಲಾ ಮಕ್ಕಳ ಕೈಗೂ ಬಂದದ್ದು ಆ ದಾರಿಯಲ್ಲಿ. ಮೇಜಿನಷ್ಟಿದ್ದದ್ದು ಮಣಿಕಟ್ಟಿಗೆ ಬರಲು 23 ವರ್ಷ.

ಕೆಂಪು ಅಂಕಿ ಅವರೇ, ಎಲ್‌ಇಡಿ ಚಂದ, ಒಪ್ಪುತ್ತೇನೆ. ಆದರೆ ಎಲ್‌ಸಿಡಿ ತಾನೇ ಬೆಳಕು ಕೊಡುವುದಿಲ್ಲ, ಸುತ್ತಲಿನ ಬೆಳಕನ್ನೇ ತಡೆದು ಅಂಕಿ ತೋರಿಸುತ್ತದೆ. ಹಾಗಾಗಿ ಗುಂಡಿ ಒತ್ತದೆಯೇ ಸದಾ ಗಂಟೆ ಕಾಣುತ್ತದೆ, ಬ್ಯಾಟರಿಯೂ ವರ್ಷಗಟ್ಟಲೆ ಬರುತ್ತದೆ. ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ವಾಚು ಅಂದಮೇಲೆ ಗಂಟೆ ತೋರಿಸುತ್ತಲೇ ಇರಬೇಕು, ಅಲ್ವಾ?

ಕೆಂಪು ಅಂಕಿ

ಗಂಟೆಗಾಗಿ ಎಲ್‌ಸಿಡಿ. ಕಣ್ಣಿಗಾಗಿ ಎಲ್‌ಇಡಿ. ಇದರಲ್ಲಿ ಮಾತ್ರ ರಾಜಿ ಇಲ್ಲ ಸರ್.

ಹೊಸಬಳು

ನನಗೆ ಹತ್ತೊಂಬತ್ತು. ಇಲ್ಲಿ ಎಲ್ಲರೂ ಹಳೆಯದನ್ನು ನೆನೆಯುತ್ತಿದ್ದೀರಿ. ನನಗೆ ನೆನೆಯಲು ಏನೂ ಇಲ್ಲ, ಆದರೂ ಕಳೆದ ವರ್ಷ ಕ್ಯಾಸಿಯೋ ಸಿಎ-53ಡಬ್ಲ್ಯೂ ತಗೊಂಡೆ. ಹಾಗಾಗಿ ಬಾಲ್ಯದ ನೆನಪಿನಿಂದಲೇ ಇದು ಇಷ್ಟವಾಗುತ್ತದೆ ಅನ್ನುವ ಮಾತು ಪೂರ್ತಿ ನಿಜ ಅನ್ನಿಸುವುದಿಲ್ಲ.

ಇದಕ್ಕೆ ಮೊದಲು ಸ್ಮಾರ್ಟ್‌ವಾಚ್ ಕಟ್ಟುತ್ತಿದ್ದೆ. ದಿನಾ ರಾತ್ರಿ ಚಾರ್ಜಿಗೆ ಇಡಬೇಕು. ಎದ್ದು ನಡೆ ಅನ್ನುತ್ತೆ, ನೀರು ಕುಡಿ ಅನ್ನುತ್ತೆ, ಯಾರೋ ಏನೋ ಹಾಕಿದ್ದಾರೆ ನೋಡು ಅನ್ನುತ್ತೆ. ಗಂಟೆ ಎಷ್ಟು ಅಂತ ಕೈ ನೋಡಿದವಳು ಹತ್ತು ನಿಮಿಷ ಬಿಟ್ಟು ತಲೆ ಎತ್ತುತ್ತಿದ್ದೆ, ಗಂಟೆ ಎಷ್ಟು ಅಂತ ಮಾತ್ರ ಗೊತ್ತಿರುತ್ತಿರಲಿಲ್ಲ. ಒಂದು ದಿನ ಅಪ್‌ಡೇಟ್ ಆಗಿ, ನನಗೆ ಇಷ್ಟವಾಗಿದ್ದ ಮುಖವೇ ಬದಲಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಇದು ಸುಮಾರು 24 ಗ್ರಾಂ. ಕಟ್ಟಿದ್ದೇ ಮರೆತುಹೋಗುತ್ತೆ. ಬ್ಯಾಟರಿ ಐದು ವರ್ಷದ ಹತ್ತಿರ ಬರುತ್ತೆ. ಇವತ್ತು ಏನು ಮಾಡುತ್ತೋ ನಾಳೆಯೂ ಅದನ್ನೇ ಮಾಡುತ್ತೆ. ನನ್ನಿಂದ ಏನನ್ನೂ ಕೇಳುವುದಿಲ್ಲ. ನನ್ನ ವಯಸ್ಸಿನವರಿಗೆ ಇದು ಎಷ್ಟು ಹೊಸ ಅನುಭವ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ.

ಒಂದು ಕೇಳಬೇಕಿತ್ತು. ತಿಂಗಳಿಗೆ 30 ಸೆಕೆಂಡ್ ಹೆಚ್ಚು ಕಡಿಮೆ ಆಗಬಹುದು ಅಂತ ಬರೆದಿರುತ್ತಾರೆ. ಇಂಟರ್ನೆಟ್ ಇಲ್ಲದೆ ಅಷ್ಟು ಸರಿಯಾಗಿ ಹೇಗೆ ಓಡುತ್ತೆ?

ಸಣ್ಣ ಸ್ಕ್ರೂ

ಒಳ್ಳೆ ಪ್ರಶ್ನೆ ಕೇಳಿದ್ರಿ. ಒಳಗೆ ಚಿಕ್ಕ ಕ್ವಾರ್ಟ್ಜ್ ಹರಳು ಇದೆ. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆ ಯಾಕೆ ಅಂತ ನಿಮ್ಮ ವಾಚಿನಲ್ಲೇ ನೋಡಬಹುದು. 32768 ಒತ್ತಿ, 2ರಿಂದ ಭಾಗಿಸಿ. 16384. ಮತ್ತೆ 2ರಿಂದ. 8192. ಹೀಗೆ ಹದಿನೈದು ಸಲ ಭಾಗಿಸಿದರೆ ಸರಿಯಾಗಿ 1 ಉಳಿಯುತ್ತದೆ. ವಾಚಿನ ಒಳಗಿನ ಸರ್ಕ್ಯೂಟ್ ಇದನ್ನೇ ಹಗಲು ರಾತ್ರಿ ಮಾಡುತ್ತಿದೆ. ಉಳಿದ ಆ 1 ಇದೆಯಲ್ಲ, ಅದೇ ಒಂದು ಸೆಕೆಂಡ್.

ಹೊಸಬಳು

ಮಾಡಿದೆ. ಹದಿನೈದನೇ ಸಲಕ್ಕೆ 1. ಮೈ ಜುಮ್ಮೆಂದಿತು!

ನೇರಮಾತು

ಹೊಸಬಳು ಹೇಳಿದ್ದು ಮನಸ್ಸಿಗೆ ತಾಗಿತು. ಚಾರ್ಜಿಂಗ್ ಕಾಟ ಇಲ್ಲ, ಸುಮ್ನೆ ಇರುತ್ತೆ, ಅದು ಒಪ್ಪಿದೆ. ಆದರೆ ಒಂದು ಗಮನಿಸಿ. ಅವರು ಹೇಳಿದ್ದೆಲ್ಲ ಯಾವ ಸಾದಾ ಡಿಜಿಟಲ್ ವಾಚಿಗೂ ಹೊಂದುತ್ತದೆ. 1989ರಿಂದ ಇರುವ ಎಫ್-91ಡಬ್ಲ್ಯೂ ಕಟ್ಟಿದರೂ ಅದೇ ನೆಮ್ಮದಿ, ಜೊತೆಗೆ ಚಿಕ್ಕ ಲೈಟೂ ಇದೆ. ಹಾಗಿದ್ದರೆ ಆ ಹದಿನಾರು ಗುಂಡಿ ಯಾಕೆ? ಮರಗೆಲಸದವರನ್ನು ಬಿಡಿ. ಉಳಿದವರು ದಿನಕ್ಕೆ ಎಷ್ಟು ಲೆಕ್ಕ ಮಾಡುತ್ತೀರಿ?

ಎಂಟಂಕಿ

ಇದೇ ನಿಜವಾದ ಪ್ರಶ್ನೆ. ಎರಡು ದಿನ ಯೋಚಿಸಿದೆ.

ಲೆಕ್ಕ ನಾನು ಜಾಸ್ತಿ ಮಾಡುವುದಿಲ್ಲ. ವಾರಕ್ಕೆ ನಾಲ್ಕೈದು ಇರಬಹುದು. ಆದರೆ ಗುಂಡಿಗಳಿರುವ ವಾಚು ಬೇರೆ ಥರ ಕಾಣುತ್ತದೆ. ಅದಕ್ಕೆ ಏನೇನು ಬರುತ್ತದೋ ಅದೆಲ್ಲ ಮುಖದ ಮೇಲೇ ಇದೆ. ಹತ್ತು ಅಂಕಿ, ಒಂದು ಚುಕ್ಕಿ, ಕೂಡು, ಕಳೆ, ಗುಣಿಸು, ಭಾಗಿಸು, ಸಮ. ಮೆನು ಒಳಗೆ ಮೆನು ಇಲ್ಲ. ಮೊದಲ ಸಲ ನೋಡಿದ ಮಗುವಿಗೂ ಗೊತ್ತಾಗುತ್ತದೆ, ಇದನ್ನು ಒತ್ತಬಹುದು ಅಂತ. ಸಾದಾ ವಾಚನ್ನು ನೋಡುತ್ತೇವೆ ಅಷ್ಟೇ. ಇದರ ಜೊತೆ ಏನಾದರೂ ಮಾಡಬಹುದು.

ಇನ್ನೊಂದು ವಿಷಯ ಮಾವನದ್ದು. ನಾನು ಚಿಕ್ಕವನಿದ್ದಾಗ ಅವರ ಎದುರಿಗೆ ಕೂತಿದ್ದೆ. ಅವರು ವಾಚಿನಲ್ಲಿ ಏನೋ ಒತ್ತಿ ಮಣಿಕಟ್ಟನ್ನು ನನ್ನ ಕಡೆ ಚಾಚಿದರು. ಅವರ ಕಡೆಯಿಂದ ನೋಡಿದರೆ ಅದು 0.7734. ಎದುರು ಕೂತ ನನಗೆ ಅಂಕಿಗಳು ತಲೆಕೆಳಗಾಗಿ ಇಂಗ್ಲಿಷಿನಲ್ಲಿ ‘ಹಲೋ’ ಅಂತ ಕಾಣಿಸಿತು. ಮೇಜಿನ ಕ್ಯಾಲ್ಕುಲೇಟರಿನಲ್ಲಿ ಈ ಆಟ ಎಲ್ಲರೂ ಆಡಿದ್ದೀರಿ, ಆದರೆ ಅದನ್ನು ಎತ್ತಿ ತಿರುಗಿಸಬೇಕು. ವಾಚಿನಲ್ಲಿ ತಿರುಗಿಸುವುದೇ ಬೇಡ. ಕಟ್ಟಿಕೊಂಡವರಿಗೆ ಸಂಖ್ಯೆ, ಎದುರಿಗಿದ್ದವರಿಗೆ ಮಾತು. ಆವತ್ತು ನಾನು ಬಿಟ್ಟ ಬಾಯಿ ಮುಚ್ಚಿರಲಿಲ್ಲ.

ನೇರಮಾತು ಅವರೇ, ಇದನ್ನು ಕೆಲಸ ಅಂತ ಕರೆಯುತ್ತೀರೋ ಇಲ್ಲವೋ ಗೊತ್ತಿಲ್ಲ. ನನಗೆ ಆ ಹದಿನಾರು ಗುಂಡಿ ಬೇಕಾದದ್ದು ಇದಕ್ಕೆ.

ಸಂಜೆ ಓದು

ಇದನ್ನು ಓದಿ ನನ್ನ ಹೆಂಡತಿಯ ಎದುರು ಕೂತು ಮಾಡಿದೆ. ಓದಿದಳು, ನಕ್ಕಳು.

ಆ ಕಾಲದವರು ಗುಂಡಿ ಬಿಟ್ಟು ಬೇರೆ ದಾರಿಯನ್ನೂ ಹುಡುಕಿದ್ದರು, ಗೊತ್ತಾ? ಎಂಬತ್ತರ ದಶಕದಲ್ಲೇ ಕ್ಯಾಸಿಯೋ ಎಟಿ-550 ಅಂತ ಒಂದು ಬಂದಿತ್ತು. ಗಾಜಿನ ಮೇಲೆ ಬೆರಳಿನಿಂದ ಅಂಕಿ ಬರೆದರೆ ಅದನ್ನು ಗುರುತಿಸಿ ಲೆಕ್ಕ ಮಾಡುತ್ತಿತ್ತು. 1984ರ ಸಿಡಿ-40ರಲ್ಲಿ ಹತ್ತು ಜನರ ಹೆಸರು, ಫೋನ್ ನಂಬರ್ ಇಟ್ಟುಕೊಳ್ಳಬಹುದಿತ್ತು. ಹತ್ತೇ ಜನ. ಆ ಹತ್ತರಲ್ಲಿ ಯಾರನ್ನು ಇಡಬೇಕು ಅಂತ ಯೋಚಿಸಬೇಕಿತ್ತಲ್ಲ, ಅದು ನನಗೆ ಬಹಳ ಇಷ್ಟವಾದ ವಿಷಯ.

ನೇರಮಾತು

ಎಂಟಂಕಿ, ಈಗ ಅರ್ಥವಾಯಿತು. ನಾನು ಮತ್ತೆ ಕಟ್ಟುತ್ತೇನೆ ಅಂತ ಹೇಳಲಾರೆ, ಕತ್ತಲಲ್ಲಿ ಗಂಟೆ ಕಾಣುವುದು ನನಗೆ ಮುಖ್ಯ. ಆದರೆ ಪೆಟ್ಟಿಗೆಯಲ್ಲಿರುವ ನನ್ನದನ್ನು ಮಗಳಿಗೆ ತೋರಿಸುತ್ತೇನೆ. ಎದುರಿಗೆ ಕೂರಿಸಿಕೊಂಡು.

ಉಳಿ ಬಾಚಿ

ಬ್ಯಾಟರಿ ಸೋರಿದೆಯಾ ಮೊದಲು ನೋಡಿ ಅಣ್ಣಾ. ಪೆಟ್ಟಿಗೆಯಲ್ಲಿಟ್ಟ ವಾಚು ಕೆಡುವುದೇ ಅದರಿಂದ.

ಎಂಟಂಕಿ

ರಿಪೇರಿ ಮಾಡಿದೆ. ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು.

ನಾಲ್ಕರಲ್ಲಿ ಮೂರು ಸ್ಕ್ರೂ ಸುಲಭವಾಗಿ ಬಂದವು. ನಾಲ್ಕನೆಯದಕ್ಕೆ ಬೆವರು ಮತ್ತು ಕೊಳೆ ಸೇರಿ ಗಟ್ಟಿಯಾಗಿತ್ತು. ಸೂಜಿಯಿಂದ ಕೆರೆದು ತೆಗೆದ ಮೇಲೆ ತಿರುಗಿತು. ಮುಚ್ಚಳ ಎತ್ತಿದಾಗ ಸ್ಪ್ರಿಂಗ್ ಹಾರಿತು. ಬಿಳಿ ಬಟ್ಟೆ ಇದ್ದದ್ದರಿಂದ ಸಿಕ್ಕಿತು, ಇಲ್ಲದಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಜೀಬ್ರಾ ಪಟ್ಟಿಯನ್ನು ಚಿಮುಟದಲ್ಲಿ ಎತ್ತಿ ದೀಪಕ್ಕೆ ಹಿಡಿದೆ. ಪಟ್ಟೆಗಳು ಕೂದಲಿಗಿಂತ ತೆಳು. ಬಲತುದಿಯ ಹತ್ತಿರ ಒಂದು ಚೂರು ನಾರಿನ ಎಳೆ ಅಂಟಿಕೊಂಡಿತ್ತು. ಅಷ್ಟೇ. ಅದೊಂದು ಎಳೆ ನನ್ನ 8 ಅನ್ನು ‘ಇ’ ಮಾಡಿತ್ತು.

ಒರೆಸಿ, ಒಣಗಿಸಿ, ಜೋಡಿಸಿ, ಬ್ಯಾಟರಿ ಹಾಕಿದೆ. ಪರದೆಯಲ್ಲಿ ಏನೇನೋ ಗೆರೆ ಬಂದು ನಿಂತುಬಿಟ್ಟಿತು, ಯಾವ ಗುಂಡಿಗೂ ಜಗ್ಗಲಿಲ್ಲ. ಎದೆ ಧಸಕ್ಕೆಂದಿತು. ಆಮೇಲೆ ಬ್ಯಾಟರಿಯ ಪಕ್ಕದಲ್ಲಿ ‘ಎಸಿ’ (ಆಲ್ ಕ್ಲಿಯರ್, ಎಲ್ಲ ಅಳಿಸಿ ಹೊಸದಾಗಿ ಶುರುಮಾಡು) ಅಂತ ಬರೆದ ಚಿಕ್ಕ ಚುಕ್ಕಿ ಕಂಡಿತು. ಚಿಮುಟದ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಬ್ಯಾಟರಿಯ ಮೇಲ್ಮೈಗೂ ಮುಟ್ಟಿಸಿ ಎರಡು ಸೆಕೆಂಡ್ ಹಿಡಿದೆ. ಪರದೆ ಒಮ್ಮೆ ಖಾಲಿಯಾಗಿ, 12 ಗಂಟೆಯಿಂದ ಸೆಕೆಂಡ್ ಓಡಲು ಶುರುವಾಯಿತು.

ಕ್ಯಾಲ್ಕುಲೇಟರಿಗೆ ಹೋಗಿ 8ನ್ನು ಎಂಟು ಸಲ ಒತ್ತಿದೆ. ಎಡದಿಂದ ಬಲಕ್ಕೆ ಒಂದೊಂದನ್ನೇ ನೋಡುತ್ತಾ ಬಂದೆ. ಎಂಟೂ ಎಂಟೇ.

ಸಣ್ಣ ಸ್ಕ್ರೂ

ಭೇಷ್! ಎಸಿ ಚುಕ್ಕಿಯ ವಿಷಯ ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. ಇನ್ನೊಂದು ಕೆಲಸ ಬಾಕಿ ಇದೆ. ಮುಚ್ಚಳದ ಒಳಗಿನ ರಬ್ಬರ್ ಉಂಗುರ ತನ್ನ ಕಾಲುವೆಯಲ್ಲೇ ಕೂತಿದೆಯಾ ನೋಡಿ. ಎಲ್ಲೂ ಹಿಸುಕಿಕೊಂಡಿರಬಾರದು. ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದೇ ಸಲಕ್ಕೆ ಪೂರ್ತಿ ಬೇಡ. ಆಮೇಲೆ ಕೈಗೆ ಕಟ್ಟಿಕೊಳ್ಳಿ.

ಎಂಟಂಕಿ

ಉಂಗುರ ಸರಿಯಾಗಿದೆ. ಕಟ್ಟಿಕೊಂಡೆ.